ಮೂರು ಗಂಟೆಯ ಹಾಲು

ಫೆಬ್ರವರಿ 4, ಮಂಗಳವಾರ

ನಾಲ್ಕೂವರೆಗೇ ಎಚ್ಚರವಾಯಿತು. ಹತ್ತೊಂಬತ್ತು ವರ್ಷ ಹಾಲಿನ ಕೇಂದ್ರದಲ್ಲಿ ದುಡಿದ ಮೈ ಇದು. ಇವಳು ಈಗ ಶಾಸಕಿ, ಏಳರವರೆಗೆ ಮಲಗಬಹುದು ಅಂತ ಅದಕ್ಕೆ ಯಾರೂ ತಿಳಿಸಿಲ್ಲ. ಶಾಸಕರ ಭವನದಲ್ಲಿ ಈ ಹೊತ್ತಿಗೆ ಎಚ್ಚರವಾಗಿರುವುದು ನಾನು ಮತ್ತು ಸೋರುವ ನಲ್ಲಿ ಮಾತ್ರ. ಬರೆಯೋಣವೆಂದು ಕೂತೆ. ಊರಿನಿಂದ ಬರುವಾಗ ಬಟ್ಟೆಯ ನಡುವೆ ಕೇಂದ್ರದ ಹಳೆಯ ರಿಜಿಸ್ಟರೊಂದು ಬಂದುಬಿಟ್ಟಿದೆ, ಅರ್ಧ ಖಾಲಿ. ಪುಟದ ತುಂಬ ಗೆರೆ ಹೊಡೆದಿದೆ: ಹೆಸರು, ಲೀಟರು, ಜಿಡ್ಡು, ಷರಾ. ಗೆರೆ ದಾಟಿಯೇ ಬರೆಯುತ್ತೇನೆ, ಇಲ್ಲಿ ಕೇಳುವವರು ಯಾರು.

ನಿನ್ನೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸಮಿತಿಗೆ ಮೊದಲ ಸಲ ಹೋದೆ. ಉದ್ದನೆಯ ಮೇಜು, ಒಂಬತ್ತು ಕುರ್ಚಿ, ಕುರ್ಚಿಗಳಿಗಿಂತ ಎತ್ತರದ ಫೈಲು. ಅಧ್ಯಕ್ಷರಿಗೆ ಎಂಬತ್ತರ ಹತ್ತಿರ ಇರಬೇಕು. ಹಳ್ಳಿಗಳ ಹಣೆಬರಹವನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದುತ್ತಿದ್ದರೆ ಅವರು ಪುಟ್ಟ ಚಾಕು ಹಿಡಿದು ಪೆನ್ಸಿಲ್ ಹೆರೆಯುತ್ತಿದ್ದರು. ಒಂದಲ್ಲ, ಎರಡಲ್ಲ, ನಾಲ್ಕು ಪೆನ್ಸಿಲ್. ನನಗೆ ಮೈ ಉರಿಯಿತು. ಇಂಥವರ ಕೈಗೆ ಊರುಗಳನ್ನು ಕೊಟ್ಟು ನಾವು ನಿದ್ದೆ ಮಾಡುತ್ತಿದ್ದೆವಲ್ಲ ಅನ್ನಿಸಿತು.

ಮಸೂದೆಯ ಹೆಸರು ಚೆನ್ನಾಗಿದೆ, ಹಾಲು ಸಂಗ್ರಹಣೆಯ ಸುಧಾರಣೆ. ಒಳಗಿನ ಏಳನೆಯ ಕಲಮು ಓದಿದರೆ ಸುಧಾರಣೆ ಯಾರಿಗೆ ಅಂತ ತಿಳಿಯುತ್ತದೆ. ದಿನಕ್ಕೆ ಇನ್ನೂರು ಲೀಟರಿಗಿಂತ ಕಡಿಮೆ ಹಾಲು ಬರುವ ಹಳ್ಳಿ ಕೇಂದ್ರಗಳನ್ನೆಲ್ಲ ಮುಚ್ಚಬೇಕು. ಆ ಊರಿನ ಹಾಲನ್ನು ವ್ಯಾನು ಬಂದು ಪಟ್ಟಣದ ತಂಪು ಘಟಕಕ್ಕೆ ಒಯ್ಯಬೇಕು. ಹೀಗೆ ಮುಚ್ಚುವುದು ಒಟ್ಟು ನಾನೂರ ಹನ್ನೆರಡು ಕೇಂದ್ರ. ನಮ್ಮೂರಿನದು ನೂರ ನಲವತ್ತು ಲೀಟರಿನ ಕೇಂದ್ರ. ಅದನ್ನು ನಡೆಸುತ್ತಿರುವುದು ನನ್ನ ಅತ್ತಿಗೆ, ಅಣ್ಣನ ಹೆಂಡತಿ, ನನ್ನನ್ನು ಹತ್ತು ವರ್ಷದವಳಿದ್ದಾಗಿನಿಂದ ಸಾಕಿದವರು. "ಕೇಂದ್ರಕ್ಕೆ ಬೀಗ ಹಾಕೋಕೆ ಬಂದೋರು ನನ್ನನ್ನ ದಾಟ್ಕೊಂಡು ಹೋಗ್ಬೇಕು" ಅಂತ ಚುನಾವಣೆಯಲ್ಲಿ ಇಪ್ಪತ್ತಾರು ಊರುಗಳಲ್ಲಿ ಮೈಕು ಹಿಡಿದು ಹೇಳಿದ್ದೇನೆ. ಹೇಳಿದ್ದನ್ನು ಮಾಡುತ್ತೇನೆ.

ಫೆಬ್ರವರಿ 7, ಶುಕ್ರವಾರ

ಜಗಳವಾಯಿತು. ಏಳನೆಯ ಕಲಮನ್ನು ಹೊತ್ತು ತಿರುಗುತ್ತಿರುವವರು ಆಡಳಿತ ಪಕ್ಷದ ಒಬ್ಬ ಸದಸ್ಯರು, ವೃತ್ತಿಯಲ್ಲಿ ವಕೀಲರು, ಮಡಿಕೆ ಮುರಿಯದ ಬಿಳಿ ಪ್ಯಾಂಟು. ಇನ್ನೂರೇ ಯಾಕೆ, ನೂರ ತೊಂಬತ್ತು ಯಾಕಲ್ಲ ಎಂದು ಕೇಳಿದೆ. ಇನ್ನೂರು ದುಂಡು ಸಂಖ್ಯೆ ಎಂದರು. ಹಸು ದುಂಡು ಸಂಖ್ಯೆ ನೋಡಿ ಹಾಲು ಕೊಡುವುದಿಲ್ಲ ಎಂದೆ. ಎಲ್ಲರೂ ನಕ್ಕರು, ಯಾರೂ ಒಪ್ಪಲಿಲ್ಲ. ನಗಿಸುವುದು ಬೇರೆ, ಗೆಲ್ಲುವುದು ಬೇರೆ ಅಂತ ಇವತ್ತು ಗೊತ್ತಾಯಿತು. ಮೇಜು ಗುದ್ದಿದ್ದಕ್ಕೆ ಕೈ ಇನ್ನೂ ನೋಯುತ್ತಿದೆ.

ಅವರಿಗೆ ಹಳ್ಳಿ ಕೇಂದ್ರ ಅಂದರೆ ಒಂದು ಕೋಣೆ, ಒಂದು ತಕ್ಕಡಿ. ಅಲ್ಲಿ ಏನು ನಡೆಯುತ್ತದೆ ಅಂತ ಒಬ್ಬರಿಗೂ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಹಾಲಿಗೆ ನೀರು ಸೇರಿದೆಯೋ ಇಲ್ಲವೋ ನೋಡಲು ಹಾಲಿನಲ್ಲಿ ತೇಲಿಬಿಡುವ ಗಾಜಿನ ಮಾಪಕವಿದೆ, ಊರಲ್ಲಿ ಎಲ್ಲರೂ ಅದನ್ನು ಕಡ್ಡಿ ಅಂತಲೇ ಕರೆಯುವುದು. ಒಳ್ಳೆಯ ಹಾಲಿನಲ್ಲಿ ಅದು ಇಪ್ಪತ್ತೆಂಟರ ಗೆರೆಗೆ ನಿಲ್ಲುತ್ತದೆ. ಅವತ್ತು ಅಣ್ಣನೇ ತಂದ ಹಾಲಿನಲ್ಲಿ ಇಪ್ಪತ್ತಮೂರಕ್ಕೆ ಇಳಿಯಿತು. ಪಕ್ಕದಲ್ಲಿ ಕಲಿಸುತ್ತ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದೆ. "ನನ್ನ ಮುಖ ನೋಡಬೇಡ, ಕಡ್ಡಿ ನೋಡು" ಅಂದರು. ಅಣ್ಣನ ಹಾಲು ವಾಪಸು ಹೋಯಿತು. ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅತ್ತಿಗೆಯ ಜೊತೆ ನಾಲ್ಕು ದಿನ. ಆಮೇಲೆ ಊರಲ್ಲಿ ಯಾರೂ ನಮ್ಮ ಅಳತೆಯನ್ನು ಪ್ರಶ್ನಿಸಲಿಲ್ಲ. ಕಡ್ಡಿಗೆ ನೆಂಟರಿಲ್ಲ ಅನ್ನುವುದು ನಮ್ಮೂರಿನ ಗಾದೆಯೇ ಆಗಿಹೋಯಿತು. ವ್ಯಾನಿನವನು ಬಂದು ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದುಕೊಂಡು ಹೋದರೆ ಅಂಥ ಗಾದೆ ಎಲ್ಲಿ ಹುಟ್ಟುತ್ತದೆ?

ಇದನ್ನೆಲ್ಲ ಸಭೆಯಲ್ಲಿ ಹೇಳಬೇಕಿತ್ತು. ಆಗ ನೆನಪಾಗಲಿಲ್ಲ, ಬರೀ ಗುದ್ದಿದೆ.

ಫೆಬ್ರವರಿ 12, ಬುಧವಾರ

ಅಧ್ಯಕ್ಷರು ಕೋಣೆಗೆ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ಕೂರಿಸಿ ಚಹಾ ಕೊಟ್ಟು ಪೆನ್ಸಿಲ್ ಹೆರೆಯತೊಡಗಿದರು. ನನ್ನ ತಾಳ್ಮೆ ತಳ ಮುಟ್ಟುವ ಹೊತ್ತಿಗೆ ಬಾಯಿ ಬಿಟ್ಟರು.

"ಇನ್ನೂರು ಬೇಡ ಅಂತ ಕೂಗಿದ್ರೆ ನೂರೈವತ್ತಕ್ಕೆ ಇಳಿಸ್ತಾರೆ, ನೀನು ಗೆದ್ದೆ ಅಂತ ಮನೆಗೆ ಹೋಗ್ತೀಯ. ನಿಮ್ಮೂರು ಆಗಲೂ ಮುಳುಗುತ್ತೆ. ಅವರ ಅಳತೆ ಬೇಡ ಅನ್ನೋದಾದ್ರೆ ನಿನ್ನ ಅಳತೆ ಯಾವುದು, ಅದನ್ನ ತಗೊಂಡು ಬಾ."

ಮೂವತ್ತೈದು ವರ್ಷದಿಂದ ಈ ಸದನದಲ್ಲಿದ್ದಾರಂತೆ. ಆದರೂ ಅವರ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳಲು ಭವನದ ಮೆಟ್ಟಿಲು ಹತ್ತುವಷ್ಟು ಹೊತ್ತು ಬೇಕಾಯಿತು. ಮೂರನೆಯ ಮಹಡಿ, ಲಿಫ್ಟು ಕೆಟ್ಟಿದೆ.

ಕೊನೆಯ ಮೆಟ್ಟಿಲಿಗೆ ಹೊಳೆಯಿತು. ಲೀಟರಲ್ಲ, ಗಂಟೆ. ಕರೆದ ಹಾಲು ತಂಪಾಗದೆ ಮೂರು ಗಂಟೆಯ ಮೇಲೆ ಇದ್ದರೆ ಕೆಡಲು ಶುರು. ಇದು ನಮ್ಮ ಕೇಂದ್ರದ ಗೋಡೆಯ ಮೇಲೆ ಅತ್ತಿಗೆಯೇ ಬರೆದಿಟ್ಟ ಮಾತು. ಹಸು ಕರೆದಾಗಿನಿಂದ ತಂಪು ಘಟಕ ಮುಟ್ಟುವವರೆಗೆ ಮೂರು ಗಂಟೆ ಮೀರುವ ಊರಿನ ಕೇಂದ್ರ ಉಳಿಯಬೇಕು, ಅಲ್ಲಿಗೆ ಸರಕಾರವೇ ಒಂದು ಸಣ್ಣ ತಂಪು ಯಂತ್ರ ಕೊಡಬೇಕು. ಮೀರದ ಊರಿಗೆ ವ್ಯಾನು ಸಾಕು. ನಮ್ಮೂರಿನಿಂದ ಘಟಕಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು, ಎಷ್ಟು ಸಲ ನಾನೇ ಒಡೆದ ಹಾಲನ್ನು ಚೆಲ್ಲಿದ್ದೇನೆ. ಇನ್ನು ನಮ್ಮ ಕೇಂದ್ರವನ್ನು ಯಾರೂ ಅಲ್ಲಾಡಿಸಲಾರರು. ಖುಷಿಗೆ ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದೆ. ಗೋಡೆಬರಹ ಕಾನೂನಾಗುತ್ತೆ ಅಂದೆ. ಹಾಗಾದರೆ ಸುಣ್ಣ ಬಳಿಸುವಾಗ ಅಷ್ಟು ಜಾಗ ಬಿಡಿಸಿ ಬಳಿಸ್ತೀನಿ ಅಂದರು.

ಫೆಬ್ರವರಿ 14, ಶುಕ್ರವಾರ

ಈ ಸಲ ಮೇಜು ಗುದ್ದಲಿಲ್ಲ. ಗಂಟೆಯ ಲೆಕ್ಕ ವಿವರಿಸಿದೆ. ಗುತ್ತಿಗೆದಾರರು, ಅಂದರೆ ರಸ್ತೆ ಕಟ್ಟಡಗಳ ಗುತ್ತಿಗೆಯಿಂದ ರಾಜಕೀಯಕ್ಕೆ ಬಂದ ಸದಸ್ಯರು, ಇದೆಲ್ಲ ಅಜ್ಜಿಕತೆ ಎಂದರು. ವಕೀಲರು ಸಾಕ್ಷಿ ಕೇಳಿದರು. ಸಾಕ್ಷಿ ಬೇಕಾದರೆ ಕ್ಯಾನಿನ ಜೊತೆ ಹೋಗಿ ನೋಡಿ ಎಂದೆ. ತಮಾಷೆಗೆ ಅಂದದ್ದು.

ಅಧ್ಯಕ್ಷರು ಚಾಕು ಮಡಚಿ ಜೇಬಿಗೆ ಹಾಕಿದರು. ಅವರು ಮತ ಹಾಕುವುದು ಎರಡೂ ಕಡೆ ಸಮವಾದಾಗ ಮಾತ್ರ. ಉಳಿದ ಎಂಟು ಸದಸ್ಯರೂ ತಮ್ಮ ತಮ್ಮ ಕ್ಷೇತ್ರದಲ್ಲಿ ಒಂದೊಂದು ಸಣ್ಣ ಕೇಂದ್ರ ಆರಿಸಿ, ಒಂದೇ ಬೆಳಗ್ಗೆ ಹಾಲಿನ ಜೊತೆ ಖುದ್ದಾಗಿ ಪ್ರಯಾಣ ಮಾಡಬೇಕು ಎಂದು ಅಪ್ಪಣೆಯಾಯಿತು. ಪ್ರತಿಯೊಬ್ಬರ ಜೊತೆ ಗಡಿಯಾರ ಹಿಡಿದ ಒಬ್ಬ ಗುಮಾಸ್ತ. ಮೊದಲ ಮನೆಯ ಹಾಲು ಪಾತ್ರೆಗೆ ಬಿದ್ದಾಗ ಗಡಿಯಾರ ಶುರು, ಘಟಕದ ತೊಟ್ಟಿಗೆ ಸುರಿದಾಗ ನಿಲುಗಡೆ. ನಿಯಮ ಬರೆದವಳು ನಾನೇ. ಬರೆಯಲು ಅಧ್ಯಕ್ಷರು ತಮ್ಮದೊಂದು ಪೆನ್ಸಿಲ್ ಕೊಟ್ಟರು. ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ.

ಫೆಬ್ರವರಿ 21, ಶುಕ್ರವಾರ

ಊರಿಗೆ ಬಂದೆ. ನಾಳೆ ಹಾಲಿನ ಓಟ.

ಪಟ್ಟಣದಿಂದ ಊರಿಗೆ ಹೊಸ ರಸ್ತೆ. ನಾನು ಗೆದ್ದ ಮೇಲೆ ಮಾಡಿಸಿದ ಮೊದಲ ಕೆಲಸ ಇದು, ಹೋದ ವಾರವಷ್ಟೇ ಮುಗಿದದ್ದು. ಮುಂಚೆ ಕಲ್ಲುಹಾದಿಯಲ್ಲಿ ಎರಡು ಗಂಟೆ ಕುಲುಕಿ ಬರುತ್ತಿದ್ದ ಬಸ್ಸು ಮೂವತ್ತೈದು ನಿಮಿಷಕ್ಕೆ ತಂದಿಳಿಸಿತು. ನನ್ನ ಗಂಡ ಊರಿನ ದರ್ಜಿ, ಬಾಯಿಯೂ ಕತ್ತರಿಯೇ. "ನಿನ್ನ ರಸ್ತೆ ಎಷ್ಟು ಚೆನ್ನಾಗಿದೆ ಅಂದ್ರೆ ಹಾಲಿಗೂ ಕೆಡೋಕೆ ಪುರಸೊತ್ತಿಲ್ಲ" ಅಂದ. ನಕ್ಕೆ. ಬಟ್ಟೆ ಬದಲಿಸುವಾಗ ನಗು ನಿಂತಿತು. ಇಷ್ಟು ದಿನ ಈ ಲೆಕ್ಕ ನನ್ನ ತಲೆಗೇ ಬಂದಿರಲಿಲ್ಲ. ನಾಲ್ಕು ಗಂಟೆ ಅಂತ ನಾನು ಹೇಳುತ್ತಿದ್ದದ್ದು ಹಳೆಯ ಹಾದಿಯ ಲೆಕ್ಕ.

ಅತ್ತಿಗೆಯ ಮನೆಗೆ ಹೋಗಿ ಹೇಳಿದೆ. ಬೆಳಗ್ಗೆ ನೋಡೋಣ ಬಿಡು ಅಂದರು.

ಫೆಬ್ರವರಿ 22, ಶನಿವಾರ

ಮೂರು ಗಂಟೆ ಐದು ನಿಮಿಷ. ಗುಮಾಸ್ತರು ಬರೆದುಕೊಂಡರು. ನಾನು ಸಹಿ ಹಾಕಿದೆ.

ಅತ್ತಿಗೆ ಪ್ರತಿಯೊಬ್ಬರ ಹಾಲನ್ನೂ ಎರಡೆರಡು ಸಲ ನೋಡಿದರು. ಮೂವತ್ತೊಂದು ಮನೆ. ಜಾಗರೂಕತೆ ಒಳ್ಳೆಯದೇ.

ಫೆಬ್ರವರಿ 25, ಮಂಗಳವಾರ

ಫಲಿತಾಂಶ ಬಂತು. ಎಂಟರಲ್ಲಿ ಐದು ಊರು ಮೂರು ಗಂಟೆ ಮೀರಿವೆ, ನಮ್ಮದೂ ಸೇರಿ. ಗುತ್ತಿಗೆದಾರರ ಊರಿನದು ಐವತ್ತೇ ನಿಮಿಷ, ಅವರ ಕ್ಷೇತ್ರದಲ್ಲಿ ಘಟಕದ ಗೋಡೆಗೆ ಅಂಟಿಕೊಂಡ ಊರನ್ನೇ ಹುಡುಕಿದ್ದಾರೆ.

ಎಲ್ಲರ ಬಾಯಲ್ಲೂ ವಕೀಲರ ಕತೆ. ಅವರು ಆರಿಸಿದ್ದು ಹೊಳೆಯಾಚೆಯ ಊರು. ನಕ್ಷೆಯಲ್ಲಿ ಘಟಕಕ್ಕೆ ಒಂದು ಗೇಣೂ ಇಲ್ಲ. ಆದರೆ ನಕ್ಷೆಯಲ್ಲಿ ದೋಣಿಯವನು ಇಲ್ಲವಲ್ಲ. ಅವನು ಬರುವವರೆಗೆ ಒಂದೂವರೆ ಗಂಟೆ ದಡದಲ್ಲಿ ಕೂತು, ಆಚೆ ದಡದಲ್ಲಿ ಟ್ರ್ಯಾಕ್ಟರು ಹತ್ತಿ, ಕ್ಯಾನನ್ನು ಎರಡು ಕಾಲ ಮಧ್ಯೆ ಇರುಕಿಕೊಂಡು ಹೋಗಿದ್ದಾರೆ. ಒಂದು ಹೊಂಡಕ್ಕೆ ಮುಚ್ಚಳ ಹಾರಿ ಅರ್ಧ ಹಾಲು ಬಿಳಿ ಪ್ಯಾಂಟಿನ ಮೇಲೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಉಳಿದ ಹಾಲನ್ನು ಘಟಕದವರು ಮೂಸಿ ನೋಡಿ ಚೆಲ್ಲಿದರಂತೆ. ಅದನ್ನು ಕರೆದ ಮುದುಕಿ ಅವರ ಜೊತೆಗೇ ಬಂದಿದ್ದಳಂತೆ, ಚೆಲ್ಲಿದ ಮೇಲೆ ಖಾಲಿ ಕ್ಯಾನು ಇಸಿದುಕೊಂಡು ಹೊರಟಳಂತೆ. ಇದನ್ನು ಹೇಳುವಾಗ ವಕೀಲರು ನಗಲಿಲ್ಲ. ದಿನಾ ಹೀಗೇನಾ ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಅವರ ಮುಖ ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಸರಿಯಿಲ್ಲ, ಕ್ಯಾಂಟೀನಿನ ಊಟ.

ಮಾರ್ಚ್ 1, ಶನಿವಾರ

ಹೊಟ್ಟೆಯದ್ದಲ್ಲ. ಬರೆದುಬಿಡುತ್ತೇನೆ, ಈ ಪುಸ್ತಕದಲ್ಲೂ ಸುಳ್ಳು ಹೇಳಿದರೆ ಇನ್ನೆಲ್ಲಿ ನಿಜ ಹೇಳುವುದು.

ಹತ್ತೊಂಬತ್ತು ವರ್ಷದಲ್ಲಿ ಅತ್ತಿಗೆ ಒಂದು ಹಾಲನ್ನೂ ಎರಡು ಸಲ ಅಳೆದವರಲ್ಲ. ಒಂದೇ ಸಲ ಕಡ್ಡಿ ಬಿಡು, ನಿಲ್ಲುವವರೆಗೆ ಕಾಯಿ, ಓದು, ಬರಿ. ಎರಡನೇ ಸಲ ಅಳೆಯುವವರಿಗೆ ತಮ್ಮ ಕಣ್ಣಿನ ಮೇಲೇ ನಂಬಿಕೆಯಿಲ್ಲ ಅನ್ನುತ್ತಿದ್ದರು. ಅವತ್ತು ಮೂವತ್ತೊಂದು ಮನೆಯ ಹಾಲನ್ನು ಎರಡೆರಡು ಸಲ ಅಳೆದರು, ಐವತ್ತೈದು ನಿಮಿಷ ಹೆಚ್ಚು ಹಿಡಿಯಿತು. ಗುಮಾಸ್ತರಿಗೆ ಅದೇ ಪದ್ಧತಿ ಅನ್ನಿಸಿರಬೇಕು. ಸಾಲಿನಲ್ಲಿದ್ದವರು ನೆಲ ನೋಡುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ಎಲ್ಲ ನೋಡಿದೆ, ಬಾಯಿ ಬಿಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಸಹಿಯನ್ನೂ ಹಾಕಿದೆ.

ಐವತ್ತೈದು ನಿಮಿಷ ಕಳೆದರೆ ಎರಡು ಗಂಟೆ ಹತ್ತು. ನನ್ನ ನಿಯಮದ ಪ್ರಕಾರ ನಮ್ಮ ಕೇಂದ್ರ ಮುಚ್ಚಬೇಕು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಮುಚ್ಚಿದರೆ ಅರವತ್ತೊಂದರ ಅತ್ತಿಗೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಆ ಕೋಣೆಯೇ ಅವರ ಆಯುಸ್ಸು. ಅದನ್ನು ಉಳಿಸುತ್ತೇನೆಂದೇ ತಾನೇ ಜನ ನನ್ನನ್ನು ಇಲ್ಲಿಗೆ ಕಳಿಸಿದ್ದು.

ಆದರೆ ಹೊಳೆಯಾಚೆಯ ಆ ಮುದುಕಿ ಬಿಟ್ಟು ಹೋಗುತ್ತಿಲ್ಲ. ಅವಳನ್ನು ನಾನು ನೋಡಿಯೂ ಇಲ್ಲ. ನಾಳೆ ಯಾರೋ ನಮ್ಮ ಊರಿಗೆ ಬಂದು ಗಡಿಯಾರ ಹಿಡಿದು ನಿಂತರೆ ನಮ್ಮ ಸುಳ್ಳಿನ ಜೊತೆ ಅವಳ ನಿಜವೂ ಮುಳುಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮಾರ್ಚ್ 3, ಸೋಮವಾರ

ಅತ್ತಿಗೆಗೆ ಫೋನು ಮಾಡಿದೆ. ಬುಧವಾರ ಸಭೆಯಲ್ಲಿ ಹೇಳುತ್ತೇನೆ ಅಂದೆ. ಏನು ಅಂತ ಅವರು ಕೇಳಲಿಲ್ಲ. ಆ ಕಡೆ ಕ್ಯಾನು ತೊಳೆಯುತ್ತಿದ್ದ ಸದ್ದು ನಿಂತಿತು.

"ನಿನಗೋಸ್ಕರ ಮಾಡಿದ್ದು ಅಂದ್ಕೊಂಡ್ಯಾ? ನನಗೋಸ್ಕರ ಮಾಡ್ಕೊಂಡೆ. ಜೀವನದಲ್ಲಿ ಒಂದೇ ಒಂದ್ಸಲ. ಅದನ್ನೂ ನೀನು ನೋಡ್ಬಿಟ್ಟೆ."

"ಅತ್ತಿಗೆ, ನಾನೂ ಸಹಿ ಹಾಕಿದ್ದೀನಿ."

"ನೀನು ಶಾಸಕಿ. ನಿನಗೆ ತೋಚಿದ್ದು ಮಾಡು" ಅಂದು ಇಟ್ಟರು.

ಕೂತು ಅತ್ತೆ. ಸುಮ್ಮನೆ ಯಾಕೆ ಮುಚ್ಚಿಡಲಿ, ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು ಅಧ್ಯಕ್ಷರ ಕೋಣೆಗೆ ಹೋದೆ. ಅರ್ಧ ಕೇಳುವಷ್ಟರಲ್ಲಿ ಕೈ ಎತ್ತಿ ತಡೆದರು. "ನನಗೆ ಈ ಕೋಣೇಲಿ ಕಿವಿ ಮಂದ. ಸುಮ್ಮನಿದ್ರೆ ಏನೂ ಆಗಲ್ಲ. ಸಭೇಲಿ ಹೇಳಿದ್ರೆ ಮಾತ್ರ ಕೇಳಿಸುತ್ತೆ, ಆಮೇಲೆ ಕೇಳಿಸಿಲ್ಲ ಅನ್ನೋಕಾಗಲ್ಲ. ಯೋಚನೆ ಮಾಡು" ಅಂದರು.

ಯೋಚನೆ ಮಾಡಿ ಆಗಿದೆ.

ಮಾರ್ಚ್ 5, ಬುಧವಾರ

ಹೇಳಿದೆ. ಎದ್ದು ನಿಂತು ಹೇಳಿದೆ. ನನ್ನ ಊರಿನ ಅಳತೆಯಲ್ಲಿ ಐವತ್ತೈದು ನಿಮಿಷ ಬೇಕೆಂದೇ ತಡಮಾಡಿದ್ದು, ನಾನು ಅಲ್ಲೇ ನಿಂತು ನೋಡಿ ಸಹಿ ಹಾಕಿದೆ, ನಿಜವಾದ ಸಮಯ ಎರಡು ಗಂಟೆ ಹತ್ತು ನಿಮಿಷ, ತಪ್ಪು ನನ್ನದು, ತಿದ್ದಿ ಬರೆದುಕೊಳ್ಳಿ ಎಂದೆ. ತಡಮಾಡಿದ್ದು ಯಾರು ಎಂದು ಗುತ್ತಿಗೆದಾರರು ಎರಡು ಸಲ ಕೇಳಿದರು. ಸಹಿ ಯಾರದ್ದೋ ತಪ್ಪು ಅವರದು ಎಂದು ಎರಡು ಸಲ ಹೇಳಿದೆ.

ಆಮೇಲೆ ನಾನು ಹೆದರಿದ್ದೇ ಆಯಿತು. ಒಂದು ಊರಿನದು ಸುಳ್ಳಾದರೆ ಎಂಟೂ ಸುಳ್ಳು, ಇಡೀ ಪರೀಕ್ಷೆಯನ್ನೇ ಕಸದ ಬುಟ್ಟಿಗೆ ಹಾಕಿ ಇನ್ನೂರು ಲೀಟರಿಗೇ ವಾಪಸು ಹೋಗೋಣ ಎಂದರು ಗುತ್ತಿಗೆದಾರರು. ಇಬ್ಬರು ತಲೆ ಆಡಿಸಿದರು. ಮೂರು ವಾರದ ದುಡಿಮೆ ಕಣ್ಣೆದುರೇ ಜಾರುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಸುಮ್ಮನೆ ಅಲ್ಲ.

ವಕೀಲರು ಎದ್ದರು. ನನ್ನ ಕತೆ ಮುಗಿಯಿತು ಅಂದುಕೊಂಡೆ.

"ತನ್ನೂರಿನ ಕೇಂದ್ರ ತಾನೇ ಮುಚ್ಚಿಸಿಕೊಳ್ಳೋಕೆ ಸುಳ್ಳು ಹೇಳೋರನ್ನ ನಾನು ಮೂವತ್ತು ವರ್ಷದ ವಕೀಲಿಕೇಲಿ ಕಂಡಿಲ್ಲ. ಇವರ ಗಂಟೆ ಲೆಕ್ಕ ನಾನು ನಂಬ್ತೀನಿ. ಬೇರೆ ಸಾಕ್ಷಿ ಬೇಕು ಅನ್ನೋರು ನನ್ನ ಪ್ಯಾಂಟು ನೋಡಬಹುದು, ಕಲೆ ಇನ್ನೂ ಹೋಗಿಲ್ಲ."

ಅಧ್ಯಕ್ಷರು ಮತಕ್ಕೆ ಹಾಕಿದರು. ಐದು, ಮೂರು. ಏಳನೆಯ ಕಲಮಿನಿಂದ ಇನ್ನೂರು ಲೀಟರು ಹೋಯಿತು, ಮೂರು ಗಂಟೆ ಬಂತು.

ಗೆದ್ದೆವು. ಯಾಕೋ ಯಾರಿಗೂ ಫೋನು ಮಾಡಬೇಕು ಅನ್ನಿಸಲಿಲ್ಲ.

ಮಾರ್ಚ್ 9, ಭಾನುವಾರ

ಸುದ್ದಿ ಊರಿಗೆ ನನಗಿಂತ ಮುಂಚೆ ತಲುಪಿದೆ. ದರ್ಜಿಯ ಅಂಗಡಿಯಲ್ಲಿ ಯಾರೋ ನನ್ನನ್ನು ಉಂಡ ಮನೆಗೆ ಎರಡು ಬಗೆದವಳು ಅಂದರಂತೆ. ನೀನು ಏನಂದೆ ಎಂದು ಫೋನಿನಲ್ಲಿ ಗಂಡನನ್ನು ಕೇಳಿದೆ. ಅವರ ಅಂಗಿಯ ತೋಳನ್ನು ಒಂದು ಇಂಚು ಗಿಡ್ಡ ಹೊಲಿದನಂತೆ. ನಿಜವೋ ಸುಳ್ಳೋ, ಕೇಳಿ ಸಮಾಧಾನವಾಯಿತು.

ಅತ್ತಿಗೆ ಫೋನು ಎತ್ತುತ್ತಿಲ್ಲ.

ಮಾರ್ಚ್ 20, ಗುರುವಾರ

ಸದನ ಮಸೂದೆಯನ್ನು ಒಪ್ಪಿತು. ನಾವು ಕಳಿಸಿದಂತೆಯೇ, ಒಂದು ಅಲ್ಪವಿರಾಮವೂ ಕದಲದೆ. ನಮ್ಮ ಸಮಿತಿಯ ಕೆಲಸ ಹಾಗಿದೆ.

ಜಿಲ್ಲೆಗಳಿಂದ ಹೊಸ ಪಟ್ಟಿಯೂ ಬಂತು. ನಾನೂರ ಹನ್ನೆರಡರಲ್ಲಿ ಇನ್ನೂರ ಅರವತ್ತು ಕೇಂದ್ರ ಉಳಿಯುತ್ತವೆ, ನೂರ ಐವತ್ತೆರಡು ಮುಚ್ಚುತ್ತವೆ. ಕಾರ್ಯದರ್ಶಿ ಓದುತ್ತಿದ್ದರು, ನಾನು ಪೆನ್ಸಿಲಿನಲ್ಲಿ ಒಂದೊಂದೇ ಗುರುತು ಹಾಕುತ್ತಿದ್ದೆ. ಮುಚ್ಚುವ ಪಟ್ಟಿಯಲ್ಲಿ ನಮ್ಮೂರು ತೊಂಬತ್ತೇಳನೆಯದು. ಆ ಸಾಲಿಗೆ ಬಂದಾಗ ಕಾರ್ಯದರ್ಶಿ ಒಂದು ಕ್ಷಣ ನಿಲ್ಲಿಸಿ ನನ್ನ ಕಡೆ ನೋಡಿದರು. ಗುರುತು ಹಾಕಿ ಮುಂದಕ್ಕೆ ಓದಿ ಎಂದೆ.

ಮುಚ್ಚುವ ಕೇಂದ್ರಗಳಲ್ಲಿ ಅಳತೆ ಗೊತ್ತಿರುವ ಜನ ಇದ್ದಾರೆ, ಅವರನ್ನು ಹಾಗೇ ಮನೆಗೆ ಕಳಿಸಬಾರದು, ವ್ಯಾನಿನಲ್ಲೇ ಕಡ್ಡಿ ಹಿಡಿದು ಕೂರುವ ಕೆಲಸ ಅವರಿಗೇ ಮೊದಲು ಸಿಗಬೇಕು ಎಂದು ನಿಯಮಾವಳಿಗೆ ಒಂದು ಸಾಲು ಸೇರಿಸಲು ಈ ಎರಡು ವಾರ ಹಟ ಹಿಡಿದೆ. ಗುತ್ತಿಗೆದಾರರು ಗೊಣಗಿದರು. ಬಿಡಲಿಲ್ಲ. ಮೂರು ಸಭೆ ಹಿಡಿಯಿತು, ಸೇರಿತು. ವಯಸ್ಸಿನ ಮಿತಿ ಅರವತ್ತಕ್ಕೆ ನಿಲ್ಲಿಸಿದ್ದರು, ಅದನ್ನೂ ತೆಗೆಸಿದೆ. ಯಾರನ್ನು ನೆನೆದು ತೆಗೆಸಿದೆ ಅಂತ ಯಾರೂ ಕೇಳಲಿಲ್ಲ.

ಏಪ್ರಿಲ್ 30, ಬುಧವಾರ

ಇವತ್ತು ಕೇಂದ್ರದ ಕಡೆಯ ಬೆಳಗು.

ಹೋಗಬೇಡ, ಯಾಕೆ ಬೈಸಿಕೊಳ್ಳುತ್ತೀಯ ಎಂದ ದರ್ಜಿ. ಬೀಗ ಹಾಕೋಕೆ ಬಂದೋರು ನನ್ನನ್ನ ದಾಟ್ಕೊಂಡು ಹೋಗ್ಬೇಕು ಅಂದವಳು ಬೀಗ ಬೀಳುವ ದಿನ ಮನೆಯಲ್ಲಿ ಕೂರುವುದು ಹೇಗೆ. ನಮ್ಮ ಮನೆಯಲ್ಲೂ ಒಂದು ಹಸುವಿದೆ, ಅವನೇ ಕರೆಯುವುದು. ಅವನು ತುಂಬಿಕೊಟ್ಟ ಕ್ಯಾನು ಹಿಡಿದು ಎಲ್ಲರ ಹಾಗೆ ಸಾಲಿನಲ್ಲಿ ನಿಂತೆ. ಮುಂದೆ ಇಪ್ಪತ್ತು ಜನ. ಯಾರೂ ಮಾತಾಡಿಸಲಿಲ್ಲ, ಯಾರೂ ಬೈಯಲೂ ಇಲ್ಲ. ಹಿಂದೆ ನಿಂತವರು ಸ್ವಲ್ಪ ಹೆಚ್ಚೇ ಜಾಗ ಬಿಟ್ಟು ನಿಂತಿದ್ದರು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಮೂರು ಗಂಟೆಯ ಆ ಬರಹದ ಸುತ್ತ ಮಾತ್ರ ಹಳೆಯ ಗೋಡೆ ಹಾಗೇ ಉಳಿದಿತ್ತು.

ನನ್ನ ಸರದಿ ಬಂತು. ಅತ್ತಿಗೆ ತಲೆಯೆತ್ತಲಿಲ್ಲ. ಕ್ಯಾನಿನಿಂದ ಹಾಲು ತೆಗೆದು ಉದ್ದನೆಯ ಗಾಜಿಗೆ ಸುರಿದು ಕಡ್ಡಿ ಬಿಟ್ಟರು. ಕಡ್ಡಿ ಏಳುತ್ತ ಬೀಳುತ್ತ ಒಂದು ಕಡೆ ನಿಂತಿತು. ನಾನು ಅತ್ತಿಗೆಯ ಕಡೆ ನೋಡಿದೆ. ಎರಡು ತಿಂಗಳಿನಿಂದ ಆ ಮುಖ ನೋಡಿರಲಿಲ್ಲ, ಸೊರಗಿದ್ದರು.

"ನನ್ನ ಮುಖ ನೋಡಬೇಡ" ಅಂದರು. "ಕಡ್ಡಿ ನೋಡು."

ನೋಡಿದೆ. ಇಪ್ಪತ್ತನಾಲ್ಕು.

"ನೀರಿದೆ. ವಾಪಸು."

ದರ್ಜಿಯ ಕೆಲಸ. ಕ್ಯಾನು ತೊಳೆದ ನೀರನ್ನು ಪೂರ್ತಿ ಬಗ್ಗಿಸದೆ ಅದರಲ್ಲೇ ಕರೆದಿದ್ದಾನೆ, ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು ನಕ್ಕಿತು. ಶಾಸಕಿಯ ಹಾಲೇ ವಾಪಸು ಅಂತ ಒಬ್ಬರಿಂದೊಬ್ಬರಿಗೆ ಹೊರಗಿನವರೆಗೂ ಹೋಯಿತು. ನಾನೂ ನಕ್ಕೆ. ಅತ್ತಿಗೆ ನಗಲಿಲ್ಲ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಷರಾ ಬರೆದರು. ಅವರು ಕಡ್ಡಿ ಬಿಟ್ಟದ್ದು ಒಂದೇ ಸಲ. ಅದು ನನ್ನ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗೆ ಬಿತ್ತು ಅನ್ನುವುದು ಅವರ ಕಣ್ಣಿಗೂ ಬಿತ್ತು.

ಎಲ್ಲರೂ ಹೋದ ಮೇಲೆ ಗಾಜು, ಕ್ಯಾನು, ನೆಲ ಎಲ್ಲ ತೊಳೆದರು, ನಾನು ನೀರು ಹೊತ್ತು ಕೊಟ್ಟೆ. ಬೀಗವನ್ನು ನನ್ನ ಕೈಗಿಟ್ಟು ನೀನೇ ಹಾಕು ಅಂದರು. ಹಾಕಿದೆ. ಕಡ್ಡಿಯನ್ನು ಮಾತ್ರ ಒಳಗೆ ಬಿಡದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಾಳೆ ಐದೂವರೆಗೆ ವ್ಯಾನು ಬರುತ್ತಂತಲ್ಲ, ಡ್ರೈವರನ ಪಕ್ಕದ ಸೀಟು ನನ್ನದೇ ತಾನೇ ಎಂದು ಕೇಳಿದರು. ನಿಮ್ಮದೇ ಅಂದೆ. ಹನ್ನೊಂದು ಊರಿನ ಹಾಲು ಅಂತೆ, ಅಷ್ಟೂ ಜನರ ಹತ್ತಿರ ಬೈಸಿಕೊಳ್ಳಬೇಕಲ್ಲ ಅಂದರು. ಅದೇ ನಮ್ಮ ನಡುವಿನ ರಾಜಿ ಅಂತ ತಿಳಿದುಕೊಂಡೆ.

ವಾಪಸಾದ ಕ್ಯಾನು ಹೊತ್ತು ನನ್ನ ರಸ್ತೆಯಲ್ಲಿ ಮನೆಗೆ ಬಂದೆ. ದರ್ಜಿಗೆ ಮಂಗಳಾರತಿ ಮಾಡಿ ಹಾಲು ಕಾಯಲು ಇಟ್ಟೆ. ಸೋಮವಾರ ಬಿತ್ತನೆ ಬೀಜದ ಮಸೂದೆ, ಎಂಬತ್ತೆರಡು ಪುಟ. ದರ್ಜಿಯ ಚಾಕು ಇಸಿದುಕೊಂಡು ಪೆನ್ಸಿಲ್ ಹೆರೆಯುತ್ತ ಮೊದಲ ಪುಟ ತೆಗೆದೆ. ಎರಡನೆಯ ಕಲಮಿನಲ್ಲೇ ಯಾರೋ ಒಂದು ದುಂಡು ಸಂಖ್ಯೆ ಕೂರಿಸಿದ್ದಾರೆ. ಇದು ಯಾವ ಅಳತೆಯೋ ನೋಡಬೇಕು. ಮೂರು ಪೆನ್ಸಿಲ್ ಹೆರೆದು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಒಳಗೆ ಬಂದು, ಕರೆಯದೆಯೇ ಕೂತರು.

ಆ ಹಾಲನ್ನೇ ಮೂರು ಲೋಟಕ್ಕೆ ಸುರಿದೆ. ಅತ್ತಿಗೆ ಒಂದು ಗುಟುಕು ಕುಡಿದು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ನುಂಗಿ, ದರ್ಜಿಯ ಕಡೆ ನೋಡಿದರು.

"ಇಪ್ಪತ್ತನಾಲ್ಕು ಅಂತ ಬರೆದಿದ್ದೇ ಜಾಸ್ತಿಯಾಯ್ತು" ಅಂದರು.